ನಾಲಬಂದರ ಹತ್ಯಾರು

ನಮ್ಮ ಮೊಹಲ್ಲಾದಲ್ಲಿ ರಿಸಾಲದಾರರ ಮೊಮ್ಮಗನಲ್ಲದವನು ಹುಡುಕಿದರೂ ಸಿಗುತ್ತಿರಲಿಲ್ಲ. ಸೈಕಲ್ ಶಾಪಿನವನ ಮುತ್ತಜ್ಜ ಹೈದರಾಲಿಯ ಪಕ್ಕದಲ್ಲೇ ಕುದುರೆ ಓಡಿಸಿದವನು. ಬೀಡಿ ಕಟ್ಟುವ ಖಾಲಾಳ ಮನೆತನದವರು ಟಿಪ್ಪು ಸುಲ್ತಾನರ ಖಾಸಾ ಸವಾರರು. ಗುಜರಿ ಅಂಗಡಿಯವರದಂತೂ ಅರಬಸ್ತಾನದಿಂದ ನೇರವಾಗಿ ಕುದುರೆಯ ಮೇಲೇ ಬಂದ ವಂಶ. ನಡುವೆ ಒಂದು ಸಮುದ್ರವಿದೆಯಲ್ಲ ಎಂದು ನಾವು ಕೇಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ನಾವೂ ಕಡಿಮೆಯೇನಲ್ಲ. ನಮ್ಮ ದಾದಿಮಾ ಹೇಳುವಂತೆ ಅವರ ಮಾವನವರ ಅಪ್ಪ ಸರ್ಕಾರದ ಕುದುರೆ ದಂಡಿನಲ್ಲಿ ಇದ್ದವರು. ಅದಕ್ಕೆ ಸಾಕ್ಷಿಯಾಗಿ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ, ಹಳೇ ಲುಂಗಿಯಲ್ಲಿ ಸುತ್ತಿಟ್ಟ ಮೂರು ಕಬ್ಬಿಣದ ಸಾಮಾನುಗಳಿದ್ದವು. ದಾದಿಮಾ ಅವನ್ನು 'ಹತ್ಯಾರು' ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ಮನೆಗೆ ಸುಣ್ಣ ಬಳಿಯುವಾಗ ಪೆಟ್ಟಿಗೆ ಕೆಳಗಿಳಿಯುತ್ತಿತ್ತು. ಹತ್ಯಾರುಗಳಿಗೆ ಎಣ್ಣೆ ಸವರಿ ಮತ್ತೆ ಸುತ್ತಿಡುವುದು ನಾವು ಅಣ್ಣತಮ್ಮಂದಿರ ಕೆಲಸ.

ನಾವು ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದೆವು. ಅಲ್ಲಿನ ಉಸ್ತಾದರು ಇಕ್ಬಾಲರ 'ಶಿಕ್ವಾ'ವನ್ನು ಕಣ್ಣು ಮುಚ್ಚಿಕೊಂಡು ಹಾಡುತ್ತಿದ್ದರು. ಕಡಲಿಗೂ ಕುದುರೆ ಇಳಿಸಿದವರ ಮಾತು ಅದರಲ್ಲಿ ಬರುತ್ತದೆ. ಅಲ್ಲಿ ಮಾತಾಡುವ ದನಿ 'ನಾವು' ಎಂದೇ ಮಾತಾಡುತ್ತದೆ. ಹರಿದ ಚಡ್ಡಿಯ ಮೂವತ್ತು ಹುಡುಗರು ಆ 'ನಾವು' ಬಂದಾಗಲೆಲ್ಲ ಎದೆ ಮುಂದೆ ಮಾಡುತ್ತಿದ್ದೆವು. ಐದನೆಯ ತರಗತಿಗೆ ಕನ್ನಡ ಶಾಲೆ ಸೇರಿದೆವು. ಅಲ್ಲಿ ಸಮಾಜ ಪಾಠದಲ್ಲಿ ಅದೇ ಕುದುರೆ ಬೇರೆ ದಿಕ್ಕಿನಿಂದ ಬಂತು. ಖೈಬರ್ ಕಣಿವೆ ದಾಟಿ, ಧೂಳೆಬ್ಬಿಸಿಕೊಂಡು, 'ಅವರು' ಬಂದರು. ಬಿಡುವಿನಲ್ಲಿ ಗೆಳೆಯನೊಬ್ಬ ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದೆಯೇ ಕೇಳಿದ: 'ನೀವು ಕುದುರೆ ಮೇಲೆ ಬಂದವರು ಅಲ್ವೇನೋ?' ನಮಗೆ ಹೌದೆನ್ನಲೂ ಆಸೆ, ಅಲ್ಲವೆನ್ನಲೂ ಆಸೆ. ಎರಡು ಶಾಲೆಗೂ ನಾವು ನಡೆದುಕೊಂಡೇ ಹೋಗುತ್ತಿದ್ದೆವು ಎನ್ನುವುದು ಬೇರೆ ಮಾತು.

ಈ ಸವಾರಿಯಿಂದ ನಮ್ಮನ್ನು ಕೆಳಗಿಳಿಸಿದವರು ಬಸ್‌ಸ್ಟ್ಯಾಂಡಿನ ಎದುರು ಜಟಕಾ ನಿಲ್ಲಿಸುತ್ತಿದ್ದ ಒಬ್ಬ ಚಾಚಾ. ಊರಿನಲ್ಲಿ ಆಗ ಉಳಿದಿದ್ದದ್ದು ಏಳೋ ಎಂಟೋ ಜಟಕಾ. ಒಂದು ಸಲ ಸುಣ್ಣ ಬಳಿಯುವಾಗ ಯಾವುದಕ್ಕೋ ಮನೆಗೆ ಬಂದವರು ಅಂಗಳದಲ್ಲಿ ಹರವಿದ್ದ ಹತ್ಯಾರುಗಳನ್ನು ಕಂಡು, ಒಂದೊಂದಾಗಿ ಎತ್ತಿ ನೋಡಿದರು. ತುದಿ ಬಾಗಿದ ಕತ್ತಿಯನ್ನು ಹೆಬ್ಬೆರಳಿನ ಮೇಲೆ ಆಡಿಸಿ, 'ಅರೆ, ಇದು ಖುರ ಕೆತ್ತೋದು ಬಾಬಾ' ಎಂದರು. 'ಇದು ನಾಲು ಕೀಳೋ ಇಕ್ಕಳ. ಇದು ಮೊಳೆ ಹೊಡೆಯೋ ಸುತ್ತಿಗೆ. ನಿಮ್ಮ ಪಡ್ದಾದಾ ನಾಲಬಂದ್ ಇದ್ದರಾ? ನಮಗೆ ಹೇಳೇ ಇಲ್ಲವಲ್ಲ!' ಅವರಿಗೆ ಸಂತೋಷವಾಗಿತ್ತು, ತಮ್ಮ ಕಸುಬಿನವರೊಬ್ಬರು ಸಿಕ್ಕಿದಂತೆ. ನಮಗೆ ಮಾತ್ರ ಕುದುರೆ ಮೇಲಿಂದ ಬಿದ್ದಷ್ಟೇ ನೋವಾಯಿತು. ದಾದಿಮಾ ಒಳಗಿನಿಂದ ಏನೂ ಹೇಳಲಿಲ್ಲ. ಹತ್ಯಾರು ಎಂಬ ಮಾತಿಗೆ ಆಯುಧ ಎಂದೂ ಅರ್ಥ, ಕಸುಬಿನ ಸಾಮಾನು ಎಂದೂ ಅರ್ಥ. ದಾದಿಮಾ ಸುಳ್ಳು ಹೇಳಿರಲಿಲ್ಲ. ಕೇಳಿದ್ದು ನಾವು, ನಮಗೆ ಬೇಕಾದ ಹಾಗೆ.

ಆಮೇಲೆ ಯುದ್ಧದ ಕುದುರೆಗಳ ಬಗ್ಗೆ ಎಲ್ಲಿ ಏನು ಸಿಕ್ಕಿದರೂ ಓದುವ ಚಟ ಹತ್ತಿತು. ಆದರೆ ಓದುವಾಗ ಕಣ್ಣು ಸವಾರನ ಮೇಲೆ ನಿಲ್ಲುತ್ತಿರಲಿಲ್ಲ, ಕುದುರೆಯ ಕಾಲ ಬಳಿ ಯಾರಾದರೂ ಇದ್ದಾರೆಯೇ ಎಂದು ಹುಡುಕುತ್ತಿತ್ತು. ಕ್ರಿಸ್ತಪೂರ್ವ ಒಂಬತ್ತನೆಯ ಶತಮಾನದ ಅಸ್ಸೀರಿಯಾದ ಉಬ್ಬುಶಿಲ್ಪಗಳಲ್ಲಿ ಸವಾರರು ಜೋಡಿ ಜೋಡಿಯಾಗಿ ಬರುತ್ತಾರೆ. ಒಬ್ಬ ಬಿಲ್ಲು ಎಳೆಯುತ್ತಾನೆ. ಪಕ್ಕದ ಕುದುರೆಯವನು ಎರಡೂ ಕುದುರೆಗಳ ಲಗಾಮು ಹಿಡಿದಿರುತ್ತಾನೆ. ರಥದಿಂದ ಕುದುರೆಯ ಬೆನ್ನಿಗೆ ಆಗತಾನೇ ಏರಿದ ಮನುಷ್ಯನಿಗೆ ಸಾರಥಿಯನ್ನು ಬಿಟ್ಟು ಬದುಕುವುದು ಇನ್ನೂ ಗೊತ್ತಿರಲಿಲ್ಲ. ರಿಕಾಬು ಬಂದದ್ದು ತೀರಾ ತಡವಾಗಿ. ನಮ್ಮ ಸಾಂಚಿಯಂಥ ಕಡೆ ಕಾಲ ಹೆಬ್ಬೆರಳು ತೂರಿಸುವಷ್ಟು ಕುಣಿಕೆಯ ಚಿತ್ರಗಳಿವೆ. ಇಡೀ ಪಾದ ಊರುವ ರಿಕಾಬು ಚೀನಾದಲ್ಲಿ ಕಾಣಿಸಿದ್ದು ಕ್ರಿ.ಶ. ನಾಲ್ಕನೆಯ ಶತಮಾನದ ಹೊತ್ತಿಗೆ. ಯುರೋಪಿಗೆ ಹೋಗಲು ಇನ್ನೂ ಎರಡು ಮೂರು ಶತಮಾನ ಹಿಡಿಯಿತು. ಅಲೆಕ್ಸಾಂಡರನ ಸವಾರರು ಲೋಕ ಗೆದ್ದದ್ದು ಕಾಲು ಜೋತುಬಿಟ್ಟುಕೊಂಡೇ.

ಇನ್ನು ನಮ್ಮ ಉಸ್ತಾದರ ಹಾಡಿನ ಕುದುರೆಗಳು. ಹಿಜರಿ ಎರಡನೆಯ ವರ್ಷ, ಕ್ರಿ.ಶ. 624ರಲ್ಲಿ, ಬದ್ರ್‌ನಲ್ಲಿ ಮುನ್ನೂರಕ್ಕೆ ಸ್ವಲ್ಪ ಹೆಚ್ಚು ಜನರಿದ್ದ ಮುಸ್ಲಿಮರ ಬಳಿ ಇದ್ದದ್ದು ಎರಡು ಕುದುರೆ ಎಂದು ಸೀರತ್ ಗ್ರಂಥಗಳು ಹೇಳುತ್ತವೆ. ಎಪ್ಪತ್ತರಷ್ಟು ಒಂಟೆಗಳ ಮೇಲೆ ಸರದಿಯಂತೆ ಹತ್ತಿ ಇಳಿದು ಅವರು ಅಲ್ಲಿಗೆ ತಲುಪಿದ್ದರು. ಆ ಪ್ರವಾದಿಯೂ ತಮ್ಮ ಸರದಿ ಬಂದಾಗ ನಡೆದರು. ಕುದುರೆ ದುಬಾರಿ, ನೀರು ಹೆಚ್ಚು ಬೇಕು; ಅದಕ್ಕೇ ದೂರದ ದಾರಿಗೆ ಒಂಟೆ ಏರಿ, ಕುದುರೆಯನ್ನು ಬೆನ್ನು ಖಾಲಿ ಬಿಟ್ಟು ಹಗ್ಗ ಹಿಡಿದು ನಡೆಸಿಕೊಂಡು ಹೋಗುವುದು ಅರಬರ ರೂಢಿ. ಗನೀಮತ್ತು ಹಂಚುವಾಗ ಸವಾರನಿಗೆ ಒಂದು ಪಾಲಾದರೆ ಅವನ ಕುದುರೆಗೆ ಎರಡು ಎಂದು ಬಹುಪಾಲು ಫಿಕ್ಹ್ ಪಂಡಿತರ ಮತ. ಇಮಾಮ್ ಅಬೂ ಹನೀಫಾ ಮಾತ್ರ ಪ್ರಾಣಿಗೆ ಮನುಷ್ಯನಿಗಿಂತ ಹೆಚ್ಚು ಕೊಡಲು ಒಪ್ಪಲಿಲ್ಲ, ಕುದುರೆಗೂ ಒಂದೇ ಪಾಲು ಎಂದರು. ನಾವು ಹನಫಿಗಳು, ಹಾಗಾಗಿ ಇಮಾಮರ ಪರ. ಆದರೆ ನಾಲು ಹೊಡೆದವನ ಪಾಲೆಷ್ಟು ಎಂದು ಮದರಸಾದಲ್ಲಿ ಕೇಳಿದಾಗ ಹಜರತ್ತರು ನಕ್ಕು, ಮುಂದಿನ ಪಾಠ ತೆಗೆಯಲು ಹೇಳಿದರು.

ಕೊನೆಗೂ ನಾಲಬಂದ್ ನಮಗೆ ಸಿಕ್ಕಿದ್ದು ಎಲ್ಲಿಯೋ ಅಲ್ಲ, ಮಾರ್ಕೊ ಪೋಲೋನ ಪ್ರವಾಸ ಕಥನದಲ್ಲಿ. ಅದೂ ಇಲ್ಲದವನಾಗಿ. ಹದಿಮೂರನೆಯ ಶತಮಾನದ ಕೊನೆಯಲ್ಲಿ ತಮಿಳು ನಾಡಿನ ಪಾಂಡ್ಯರ ಕರಾವಳಿಗೆ ಬಂದ ಅವನು, ಇಲ್ಲಿನ ರಾಜರು ಹೊರಗಿನಿಂದ ವರ್ಷಕ್ಕೆ ಸಾವಿರಾರು ಕುದುರೆ ಕೊಂಡರೂ ವರ್ಷದ ಕೊನೆಗೆ ಬಹುಪಾಲು ಸತ್ತೇ ಹೋಗಿರುತ್ತವೆ ಎನ್ನುತ್ತಾನೆ. ಕುದುರೆ ನೋಡಿಕೊಳ್ಳುವ ವಿದ್ಯೆ ಇಲ್ಲಿ ಯಾರಿಗೂ ಇಲ್ಲ. ಹುರ್ಮುಜ್, ಏಡನ್ ಕಡೆಯ ವ್ಯಾಪಾರಿಗಳು ಕುದುರೆ ತರುತ್ತಾರೆ, ಆದರೆ ನಾಲು ಕಟ್ಟುವವನನ್ನು ಮಾತ್ರ ಇತ್ತ ಕಾಲಿಡಲು ಬಿಡುವುದಿಲ್ಲ. ಅವನು ಬಂದರೆ ಕುದುರೆಗಳು ಬದುಕಿಬಿಡುತ್ತವೆ, ಬದುಕಿದರೆ ವ್ಯಾಪಾರ ನಿಂತುಹೋಗುತ್ತದೆ. ಇದನ್ನು ಓದಿದ ರಾತ್ರಿ ನಾವು ಅಟ್ಟ ಹತ್ತಿ ಪೆಟ್ಟಿಗೆ ತೆಗೆದು ನೋಡಿದೆವು. ಕಡಲಾಚೆಯ ಸಾಹುಕಾರರು ಹೆದರಿದ್ದು ಖಡ್ಗಕ್ಕಲ್ಲ, ಈ ಇಕ್ಕಳಕ್ಕೆ.

ದಕ್ಷಿಣದ ಹವೆ ಕುದುರೆಗೆ ಒಗ್ಗದು. ಒಳ್ಳೆಯ ಯುದ್ಧದ ಕುದುರೆ ಯಾವಾಗಲೂ ಹೊರಗಿನಿಂದ, ಹಡಗಿನಲ್ಲಿ ಬರಬೇಕಿತ್ತು. ವಿಜಯನಗರಕ್ಕೆ ಅದು ಬರುತ್ತಿದ್ದದ್ದು ಭಟ್ಕಳದಂಥ ಬಂದರುಗಳಿಂದ, 1510ರ ನಂತರ ಪೋರ್ಚುಗೀಸರ ಗೋವೆಯಿಂದ. ಕುದುರೆ ವ್ಯಾಪಾರ ಕೈಗೆ ಬಂದ ಮೇಲೆ ಪೋರ್ಚುಗೀಸರು ವಿಜಯನಗರ, ಬಿಜಾಪುರ ಎರಡನ್ನೂ ಆಡಿಸಿದರು. ಸಾಳುವ ನರಸಿಂಹನ ಬಗ್ಗೆ ನೂನಿಜ್ ಬರೆದ ಒಂದು ಸಂಗತಿ ನಮಗೆ ಮರೆಯಲಾಗುತ್ತಿಲ್ಲ. ದಾರಿಯಲ್ಲಿ ಸಮುದ್ರದ ಮೇಲೆ ಸತ್ತ ಕುದುರೆಗೂ ಆ ರಾಜ ಪೂರ್ತಿ ಬೆಲೆ ಕೊಡುತ್ತಿದ್ದನಂತೆ. ಬಾಲ ತಂದು ತೋರಿಸಿದರೆ ಸಾಕು. ಬಾಲ ಎಣಿಸಲು ಕುಳಿತ ಕರಣಿಕನನ್ನು ನೆನೆದರೆ ಒಂದು ಕಥೆಯೇ ಆಗುತ್ತದೆ. ಆದರೆ ರಾಜ ಪೆದ್ದನಲ್ಲ. ಸತ್ತದ್ದಕ್ಕೆ ಕೊಡದಿದ್ದರೆ ಬದುಕಿದ್ದು ಎದುರಾಳಿಯ ಲಾಯಕ್ಕೆ ಹೋಗುತ್ತದೆ ಎನ್ನುವುದು ಅವನಿಗೆ ಗೊತ್ತಿತ್ತು.

ಕುದುರೆಯ ಜೊತೆ ಕುದುರೆ ಬಲ್ಲವರೂ ಬಂದರು. ಬಹಮನಿಗಳ ಎದುರು ಪದೇ ಪದೇ ಸೋಲುವುದೇಕೆ ಎಂದು ಎರಡನೆಯ ದೇವರಾಯ ಸಭೆ ಕರೆದು ಕೇಳಿದ, ಅವರ ಕುದುರೆ ಮತ್ತು ಬಿಲ್ಲುಗಾರರು ಮೇಲು ಎಂಬ ಉತ್ತರ ಬಂತು, ಆಗ ಅವನು ಮುಸ್ಲಿಮರನ್ನು ದಂಡಿಗೆ ಸೇರಿಸಿಕೊಂಡು ಜಾಗೀರು ಕೊಟ್ಟ ಎಂದು ಫಿರಿಷ್ತಾ ಬರೆಯುತ್ತಾನೆ. ತನಗೆ ನಮಸ್ಕರಿಸಲು ಅವರಿಗೆ ಸಂಕೋಚವಾಗದಿರಲೆಂದು ಸಿಂಹಾಸನದ ಮುಂದೆ ಕುರ್‌ಆನ್ ಇರಿಸಿದನಂತೆ. ಫಿರಿಷ್ತಾ ಉಪ್ಪುಖಾರ ಹಚ್ಚುವುದರಲ್ಲಿ ಹಿಂದೆ ಬೀಳುವವನಲ್ಲ, ಇರಲಿ. ಹಂಪಿಯ ಕಲ್ಲಿಗೆ ಆ ಚಟವಿಲ್ಲ. ಅಲ್ಲಿ ಅಹಮದ್ ಖಾನ್ ಎಂಬ ಅಧಿಕಾರಿ 1439ರಲ್ಲಿ ಕಟ್ಟಿಸಿದ ಮಸೀದಿ ಇದೆ. ದೇವರಾಯನಿಗೆ ಪುಣ್ಯವಾಗಲೆಂದು ಕಟ್ಟಿಸಿದ್ದೆಂದು ಅದರ ಶಾಸನ ಹೇಳುತ್ತದೆ. ಶಾಸನ ಕನ್ನಡದಲ್ಲಿದೆ, ಮಸೀದಿಯನ್ನು ಅದು 'ಧರ್ಮಸಾಲೆ' ಎನ್ನುತ್ತದೆ. ಕಂಬಗಳೂ ಅಲ್ಲಿನ ಉಳಿದ ಮಂಟಪಗಳ ಕಂಬಗಳಂತೆಯೇ ಇವೆ. ನಾವು ಮೊದಲ ಸಲ ಹೋದಾಗ ಅದನ್ನು ದಾಟಿಕೊಂಡು ಮುಂದೆ ಹೋಗಿ, ಮತ್ತೆ ಹಿಂದಿರುಗಿ ಬಂದೆವು.

ಹಜಾರ ರಾಮ ಗುಡಿಯ ಹೊರಗೋಡೆಯ ಮೇಲೆ ಕುದುರೆಗಳ ಸಾಲಿದೆ. ನೋಡಿದವರೆಲ್ಲ ಕುದುರೆಯ ಚಂದ ಹೊಗಳುತ್ತಾರೆ. ನಾವು ಅವುಗಳ ಮುಂದೆ ಲಗಾಮು ಹಿಡಿದು ನಡೆಯುವ ಪುಟ್ಟ ಆಳುಗಳನ್ನು ಎಣಿಸುತ್ತಾ ಹೋದೆವು. ಜೊತೆಗಿದ್ದ ಗೆಳೆಯ ಬಿಸಿಲಿಗೆ ಬೇಸತ್ತು ನೆರಳು ಹುಡುಕಿಕೊಂಡ.

ಅತ್ತ ಬಿಜಾಪುರದ ಆದಿಲಶಾಹಿಗಳ ದಂಡಿನಲ್ಲಿ ಮರಾಠಾ ಬಾರಗೀರರು ದೊಡ್ಡ ಸಂಖ್ಯೆಯಲ್ಲಿದ್ದರು. ದೊರೆ ಕೊಟ್ಟ ಕುದುರೆ ಏರಿದವನು ಬಾರಗೀರ, ಸ್ವಂತ ಕುದುರೆ, ಸ್ವಂತ ಆಯುಧದೊಂದಿಗೆ ಬಂದವನು ಶಿಲೇದಾರ. 'ಅವರು' ಮತ್ತು 'ನಾವು' ಎಂದು ಗೆರೆ ಎಳೆದುಕೊಂಡು 1565ರ ತಾಳಿಕೋಟೆ ಯುದ್ಧವನ್ನು ಓದಿದ ನಮಗೆ, ಆ ಗೆರೆಯ ಎರಡು ಬದಿಯಲ್ಲೂ ಎರಡೂ ಬಗೆಯ ಹೆಸರಿನವರು ಜೀನು ಬಿಗಿಯುತ್ತಿದ್ದರು ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು. ಭಾಷೆಗೆ ಇದು ಮೊದಲೇ ಗೊತ್ತಿತ್ತು. ಕಡಿವಾಣ ನಮ್ಮದು, ಲಗಾಮು ಫಾರಸಿಯದು. ಹಲ್ಲಣ ನಮ್ಮದು, ಜೀನು ಫಾರಸಿಯದು. ರಾವುತನಿಗೂ ಸವಾರನಿಗೂ ಕನ್ನಡದಲ್ಲಿ ಒಂದೇ ಕುದುರೆ.

ಹೈದರಾಲಿಯ ಕುದುರೆ ದಂಡಿನ ಕಥೆ ನಮ್ಮ ಮೊಹಲ್ಲಾಕ್ಕೆ ಹೊಸದೇನಲ್ಲ. 1769ರ ಮಾರ್ಚಿಯಲ್ಲಿ ಆರು ಸಾವಿರ ಆಯ್ದ ಸವಾರರೊಂದಿಗೆ ಮೂರೂವರೆ ದಿನದಲ್ಲಿ 130 ಮೈಲಿ ದೌಡಾಯಿಸಿ ಮದರಾಸಿನ ಬಾಗಿಲಿಗೇ ಹೋಗಿ ನಿಂತದ್ದು, ಕಂಪನಿಯವರು ಗಾಬರಿಯಾಗಿ ಒಪ್ಪಂದಕ್ಕೆ ಬಂದದ್ದು ನಮ್ಮ ಸೈಕಲ್ ಶಾಪಿನವನಿಗೂ ಬಾಯಿಪಾಠ. ಆದರೆ ಆರು ಸಾವಿರ ಕುದುರೆ ಎಂದರೆ ಇಪ್ಪತ್ತನಾಲ್ಕು ಸಾವಿರ ಗೊರಸು. ಅಷ್ಟು ದೂರದ ಕಲ್ಲುದಾರಿಗೆ ಅವುಗಳನ್ನು ಅಣಿ ಮಾಡಿದ ಕೈಗಳ ಸುದ್ದಿ ಯಾವ ಮೊಹಲ್ಲಾದಲ್ಲೂ ಇಲ್ಲ. ಟಿಪ್ಪು ಕಾಲಾಳು ಮತ್ತು ತೋಪುಗಳ ಕಡೆ ಹೆಚ್ಚು ವಾಲಿದ. ಕಾಲ ಯಾವ ಕಡೆ ಹೋಗುತ್ತಿದೆ ಎಂದು ಅವನಿಗೆ ತಿಳಿದಿತ್ತು. ಆದರೂ 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ದಿನ ಸಾವಿರಾರು ಸವಾರರು ಅನ್ನವಿಲ್ಲದವರಾದರು.

ಅವರಲ್ಲಿ ಹಲವರು ಧೋಂಡಿಯಾ ವಾಘನ ಹಿಂದೆ ಹೋದರು. ಚನ್ನಗಿರಿಯ ಈ ಮರಾಠಾ ಸವಾರನನ್ನು ಟಿಪ್ಪು ಮತಾಂತರಿಸಿ ಸೆರೆಯಲ್ಲಿಟ್ಟಿದ್ದ. ಕೋಟೆ ಬಿದ್ದಾಗ ಹೊರಬಂದು, ಚದುರಿದ ಕುದುರೆ ದಂಡನ್ನು ಕೂಡಿಸಿಕೊಂಡು ಕಂಪನಿಯ ಮೇಲೆಯೇ ತಿರುಗಿಬಿದ್ದ. 1800ರ ಸೆಪ್ಟೆಂಬರ್ 10ರಂದು ಕೋಣಗಲ್ಲಿನ ಬಳಿ ಆರ್ಥರ್ ವೆಲ್ಲೆಸ್ಲಿ ತಾನೇ ಮುಂದೆ ನಿಂತು ಕುದುರೆ ನುಗ್ಗಿಸಿ ಅವನನ್ನು ಕೊಂದ. ಉಳಿದ ಕೆಲವು ಸವಾರರು ದಿವಾನ್ ಪೂರ್ಣಯ್ಯನವರು ಕಟ್ಟಿದ ಮೈಸೂರು ಕುದುರೆ ದಂಡಿಗೆ ಸೇರಿದರು. 1803ರಲ್ಲಿ ವೆಲ್ಲೆಸ್ಲಿ ಮರಾಠರ ಮೇಲೆ ಹೋದಾಗ ಮೈಸೂರಿನ ಕುದುರೆಗಳು ಅವನ ಜೊತೆಗಿದ್ದವು. ನಾಲ್ಕು ವರ್ಷದ ಹಿಂದೆ ಕೋಟೆಗೆ ಮುತ್ತಿಗೆ ಹಾಕಿದವನು ಈಗ ದಣಿ. ದ್ರೋಹ ಎನ್ನಬಹುದು. ಆದರೆ ಶಿಲೇದಾರನ ಲೆಕ್ಕ ಬೇರೆ. ಸಾಲ ಮಾಡಿ ಕೊಂಡ ಕುದುರೆಯೇ ಅವನ ಹೊಲ, ಅವನ ಮನೆ. ಕುದುರೆ ಇದ್ದರೆ ಸಂಬಳ, ಸತ್ತರೆ ಬೀದಿ. ಕುದುರೆಗೆ ದಿನಾ ಹುರುಳಿ ಬೇಕು. ಸುಲ್ತಾನ ಸತ್ತ ದಿನವೂ ಬೇಕು. 1807ರ ಒಪ್ಪಂದದಂತೆ ಮೈಸೂರು ಸಂಸ್ಥಾನ ನಾಲ್ಕು ಸಾವಿರ ಕುದುರೆ ದಂಡು ಸಾಕಬೇಕಾಯಿತು. ಆ ದಂಡಿಗೆ ಕುದುರೆ ಬೇಕಿದ್ದ ಕಾಲದಲ್ಲೇ, 1824ರಲ್ಲಿ, ಶಿರಾಜಿನ ಆಗಾ ಅಲಿ ಅಸ್ಕರ್ ಕುದುರೆಗಳೊಂದಿಗೆ ಬೆಂಗಳೂರಿಗೆ ಬಂದರು. ಅವರ ಮೊಮ್ಮಗನೇ ಮುಂದೆ ಮೈಸೂರಿನ ದಿವಾನರಾದ ಸರ್ ಮಿರ್ಜಾ ಇಸ್ಮಾಯಿಲ್. ಕುದುರೆ ಮೇಲೆ ಬಂದವರು ಎಂದು ಯಾರನ್ನಾದರೂ ಕರೆಯಲೇಬೇಕೆಂದರೆ ಇವರನ್ನು ಕರೆಯಬಹುದು. ಬಂದದ್ದು ಮಾರಲು.

ಕೊನೆಯ ದೊಡ್ಡ ಓಟ ನಡೆದದ್ದು ಪ್ಯಾಲೆಸ್ಟೈನಿನಲ್ಲಿ. 1914ರ ನವೆಂಬರಿನಲ್ಲಿ ತುರ್ಕಿಯ ಖಲೀಫರು ಮಿತ್ರರಾಷ್ಟ್ರಗಳ ಮೇಲೆ ಜಿಹಾದ್ ಸಾರಿದ್ದರು. ಆ ಖಲೀಫರ ಸೈನ್ಯದ ಮೇಲೆಯೇ ಮೈಸೂರು, ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಲ್ಯಾನ್ಸರ್ ಪಡೆಗಳು ಬ್ರಿಟಿಷರ ಪರ ಹೋರಾಡಿದವು. ಮೈಸೂರಿನ ಪಡೆಯಲ್ಲಿ ಅರಸು ಮನೆತನದವರೂ ಮರಾಠರೂ ಇದ್ದ ಹಾಗೆ ಮುಸ್ಲಿಮರೂ ಇದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣಕ್ಕೆ ಜೋಧಪುರದವರು ನೇರ ನುಗ್ಗಿದರು, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟದ ಕಡಿದಾದ ಏರು ಹತ್ತಿ ಮೇಲಿದ್ದ ತೋಪುಗಳನ್ನು ಹಿಡಿಯಿತು. ಎದುರಿಗೆ ಮೆಷಿನ್‌ಗನ್ನುಗಳಿದ್ದವು, ಇವರ ಕೈಯಲ್ಲಿ ಭರ್ಜಿ. ಅಂದು ಎಂಟು ಜನ ಸತ್ತರು, ಮೂವತ್ತನಾಲ್ಕು ಜನ ಗಾಯಗೊಂಡರು. ಸತ್ತ ಕುದುರೆಗಳು ಸುಮಾರು 60. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತಿರುವುದು ಈ ಮೂರು ಸಂಸ್ಥಾನಗಳ ಸೈನಿಕರು. 2018ರಲ್ಲಿ ಆ ವೃತ್ತಕ್ಕೆ ಹೈಫಾದ ಹೆಸರನ್ನೂ ಸೇರಿಸಿದರು. ಮೂವರೂ ನೆಲದ ಮೇಲೆ ನಿಂತಿದ್ದಾರೆ, ಕುದುರೆ ಇಲ್ಲ.

ಬೆಟ್ಟ ಹತ್ತಿದ ಆ ಮುಸ್ಲಿಂ ಸವಾರ ಅಂದು ಇಶಾ ನಮಾಜಿನ ನಂತರ ಏನು ಯೋಚಿಸಿದ? ಇಕ್ಬಾಲರ 'ನಾವು' ಎಂಬುದರಲ್ಲಿ ಅವನು ಎಲ್ಲಿ ನಿಲ್ಲುತ್ತಾನೆ? ಈ ಕಥೆಯನ್ನು ಬರೆಯಲು ನಾವು ಹತ್ತು ವರ್ಷದಿಂದ ಕೂರುತ್ತಿದ್ದೇವೆ, ಏಳುತ್ತಿದ್ದೇವೆ. ಪ್ರತಿಸಲವೂ ಅವನು ಮೊದಲು ಕುದುರೆಗೆ ನೀರು ಕುಡಿಸಲು ಹೋಗುತ್ತಾನೆ. ಕಥೆ ಅಲ್ಲಿಗೇ ನಿಲ್ಲುತ್ತದೆ. ಸ್ವಾತಂತ್ರ್ಯ ಬಂದ ಮೇಲೆ ಸಂಸ್ಥಾನಗಳ ಕುದುರೆ ಪಡೆಗಳು ಒಂದಾಗಿ 1953ರಲ್ಲಿ 61ನೇ ಕ್ಯಾವಲ್ರಿ ಆಯಿತು. ಮೈಸೂರಿನದೂ ಅದರಲ್ಲಿ ಕರಗಿತು.

ಸವಾರರ ಹೆಸರು ಕಲ್ಲಿನ ಮೇಲೆ ಉಳಿದಿದೆ. ನಾಲಬಂದರ ಹೆಸರು ಉಳಿದಿರುವುದು ಕರ್ನಾಟಕ ಸರ್ಕಾರದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ, ಪ್ರವರ್ಗ ಒಂದರಲ್ಲಿ, ಪಿಂಜಾರ, ಛಪ್ಪರ್‌ಬಂದ್, ದರ್ವೇಶಿಗಳ ಜೊತೆ. ಆದರೂ ಆ ಹೆಸರು ಹೇಳಿಕೊಳ್ಳಲು ನಮ್ಮವರಿಗೆ ನಾಚಿಕೆ. ನಮ್ಮ ಚಾಚಾ ಒಬ್ಬರು ಮಗಳ ನಿಕಾಹಿನ ಮಾತುಕತೆಯಲ್ಲಿ 'ನಾವು ರಿಸಾಲದಾರ್ ಖಾನ್‌ದಾನ್' ಎಂದರು. ಗಂಡಿನ ಕಡೆಯವರೂ 'ನಾವೂ' ಎಂದರು. ನಾವು ಚಹಾ ಕುಡಿದು ಸುಮ್ಮನಾದೆವು. ನಮ್ಮಲ್ಲಿ ಮೇಲುಕೀಳಿಲ್ಲ ಎಂದು ವಾರವಾರ ಜುಮಾ ಖುತ್ಬಾದಲ್ಲಿ ಕೇಳುವವರು ನಾವು.

ಆ ಮದುವೆಯ ಬಾರಾತಿಗೆ ಬೇರೆ ಊರಿನಿಂದ ಬಾಡಿಗೆಗೆ ಕುದುರೆ ತರಿಸಿದ್ದರು. ಬಿಳಿ ಕುದುರೆ, ಮೈತುಂಬ ಜರಿ. ಮಸೀದಿಯ ತಿರುವಿನಲ್ಲಿ ಅದು ಕುಂಟತೊಡಗಿತು. ಮದುಮಗನನ್ನು ಇಳಿಸಿದರು. ಕುದುರೆಯವನು ಇಪ್ಪತ್ತು ಇಪ್ಪತ್ತೆರಡರ ಹುಡುಗ. ಮುಂಗಾಲೆತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡು ನೋಡಿದ. ನಾಲು ಸಡಿಲವಾಗಿ, ಒಂದು ಮೊಳೆ ಬಾಗಿ ಗೊರಸಿಗೆ ಒತ್ತುತ್ತಿತ್ತು. 'ಇಲ್ಲಿ ನಾಲಬಂದ್ ಯಾರಾದರೂ ಇದ್ದಾರಾ?' ಎಂದು ಕೇಳಿದ. ಬ್ಯಾಂಡಿನವರು ನಿಲ್ಲಿಸಿದ್ದರಿಂದ ಆ ಮಾತು ಎಲ್ಲರಿಗೂ ಕೇಳಿಸಿತು. ರಿಸಾಲದಾರರ ಮೊಮ್ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ತಮ್ಮ ಸ್ಕೂಟರ್ ತೆಗೆದ. ನಾವು ಮನೆಗೆ ಹೋಗಿ ಅಟ್ಟದಿಂದ ಲುಂಗಿಯ ಗಂಟು ತಂದು ಹುಡುಗನ ಮುಂದೆ ಬಿಚ್ಚಿದೆವು. ಅವನು ಯಾವುದು ಏನೆಂದು ಕೇಳಲಿಲ್ಲ. ಇಕ್ಕಳದಿಂದ ನಾಲು ಬಿಡಿಸಿದ, ಬಾಗಿದ ಕತ್ತಿಯಿಂದ ಗೊರಸನ್ನು ಎರಡು ಕಡೆ ಕೆತ್ತಿದ, ತನ್ನ ಚೀಲದಿಂದ ಹೊಸ ಮೊಳೆ ತೆಗೆದು ಸುತ್ತಿಗೆಯಿಂದ ಹೊಡೆದ. ಅಷ್ಟೂ ಹೊತ್ತು ಕುದುರೆಯ ಕೊರಳು ಹಿಡಿದುಕೊಂಡು ನಿಂತಿದ್ದವನು ನಮ್ಮ ಅಣ್ಣ. ಕಾಲು ಕೆಳಗಿಟ್ಟು ಎರಡು ಹೆಜ್ಜೆ ನಡೆಸಿ ನೋಡಿ, ಹುಡುಗ ಹತ್ಯಾರುಗಳನ್ನು ತನ್ನ ಅಂಗಿಯಿಂದಲೇ ಒರೆಸಿ ನಮ್ಮ ಕೈಗಿಟ್ಟ. 'ಕಬ್ಬಿಣ ಹಳೇದು, ಒಳ್ಳೇದು ಭಾಯ್, ಮಾರಬೇಡಿ' ಎಂದ. ಮದುಮಗ ಮತ್ತೆ ಕುದುರೆ ಏರಿದ. ಬ್ಯಾಂಡಿನವರು ಎಲ್ಲಿಗೆ ನಿಲ್ಲಿಸಿದ್ದರೋ ಅಲ್ಲಿಂದಲೇ ಶುರು ಮಾಡಿದರು.